ಆ ಬದಿಯ ಹಗ್ಗ

ನೌವೊ ದ್ವೀಪ
ಅಕ್ಟೋಬರ್ ಕೊನೆ

ತಮ್ಮ ಓಸ್ಮೋಗೆ,

ಅಪ್ಪನ ಹಾಯಿದೋಣಿಯನ್ನು ಚಳಿಗಾಲಕ್ಕೆಂದು ದಡಕ್ಕೆತ್ತಿಸಿದೆ. ಎಂಜಿನ್ನಿನ ನೀರು ಬಸಿದಾಯಿತು. ಬೇಸಿಗೆಯಲ್ಲಿ ನಾನೇ ಕೂರಿಸಿದ ಹಲಗೆಗಳು ಸೋರಿದವು, ಆದರೂ ಮುಳುಗಿಸಲಿಲ್ಲ.

ಟಾರ್ಪಾಲು ಹೊದಿಸುವುದು ಮಾತ್ರ ಒಬ್ಬಳ ಕೈಲಾಗುತ್ತಿಲ್ಲ. ಈ ಬದಿಯಿಂದ ಹಗ್ಗ ಎಸೆದು, ಸುತ್ತಿಹೋಗಿ ಆ ಬದಿ ಕಟ್ಟುವಷ್ಟರಲ್ಲಿ ಗಾಳಿ ಅದನ್ನು ಕಿತ್ತಿರುತ್ತದೆ. ಪಕ್ಕದ ದೋಣಿಯ ತಾಪಿಯೊ, "ಏನಕ್ಕಾ, ಗಾಣದೆತ್ತಿನ ಥರ ಸುತ್ತತಾ ಇದ್ದೀಯ! ತಮ್ಮನ್ನ ಕರೀಬಾರ್ದಾ?" ಎಂದು ನಗುತ್ತಾನೆ. ನಗಲಿ.

ಭಾನುವಾರ ಹಿಮ ಬೀಳುತ್ತದಂತೆ. ಶನಿವಾರ ಬಾ. ದೋಣಿ ಮಾರುವ ವಿಷಯ, ಅಪ್ಪನನ್ನು ಮಣ್ಣು ಮಾಡಿದ ದಿನ ನಾವಾಡಿದ ಮಾತು, ಯಾವುದನ್ನೂ ಎತ್ತುವುದಿಲ್ಲ. ನಾನು ಈ ಬದಿ, ನೀನು ಆ ಬದಿ. ನಡುವೆ ದೋಣಿ ಇರುತ್ತದೆ, ಮುಖ ನೋಡಬೇಕಾಗಿಲ್ಲ. ಹಗ್ಗ ಸಿಕ್ಕಿದಾಗ ಒಮ್ಮೆ ಜಗ್ಗು. ಬಂದಿದ್ದೀಯೆಂದು ತಿಳಿಯುತ್ತದೆ.

ನಿನ್ನ ಅಕ್ಕ,
ಕೆರ್ತು