ನೆಲದ ಮೇಲಿನ ಊಟ

ಅಬ್ಬಾ,

ಇವತ್ತು ಆಫೀಸಿನವರೆಲ್ಲ ಮಿಲ್ಪಿಟಾಸ್‌ನ ಒಂದು ಜಪಾನಿ ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ಬಾಗಿಲಲ್ಲೇ ಶೂ ಬಿಚ್ಚಿ, ಚಾಪೆಯ ಮೇಲೆ, ಗಿಡ್ಡ ಮೇಜಿನ ಸುತ್ತ, ನಾವು ನಮಾಜಿನಲ್ಲಿ ಕೂರುವ ಹಾಗೆಯೇ ಮಂಡಿಯೂರಿ ಕೂತೆವು. ಸೂಪನ್ನು ಬಟ್ಟಲೆತ್ತಿಯೇ ಕುಡಿಯಬೇಕಂತೆ. ಸುಟ್ಟ ಮೀನು ನಿಮಗೆ ಹಿಡಿಸುತ್ತಿತ್ತು.

ಪಕ್ಕದಲ್ಲಿ ಸೋನಾಲಿ ಇದ್ದಳು, ಇಲ್ಲಿ ಅಮೆರಿಕದಲ್ಲೇ ಹುಟ್ಟಿ ಬೆಳೆದ ಮಂಗಳೂರಿನವರ ಹುಡುಗಿ. "ನೆಲದ ಮೇಲೆ ಊಟ, ಸೋ ಬ್ಯೂಟಿಫುಲ್ ಅಲ್ವಾ ತಹ್ರೀಮ್? ನಿಮಗೂ ಫಸ್ಟ್ ಟೈಮಾ?" ಎಂದಳು.

"ಹೂಂ, ಫಸ್ಟ್ ಟೈಮು" ಎಂದೆ.

ಅವರಿಗೆ ಇದು ಸೊಗಸು. ನಮ್ಮ ಮನೆಯದನ್ನು ಮೇಜಿಲ್ಲದ ಬಡತನ ಅಂದುಕೊಂಡಾರೆಂದು ಹೆದರಿದೆ. ಮೈಸೂರಿನಲ್ಲಿ ನೀವು ಊಟಕ್ಕೆ ನೆಲದ ಮೇಲೆ ದಸ್ತರಖಾನ್ ಬಟ್ಟೆ ಹಾಸಿ, ಸುಕ್ಕು ಬಿಡಿಸಿ, "ಒಂದು ಮಂಡಿ ಎತ್ತಿ ಕೂತ್ಕೊಳಮ್ಮ, ಇನ್ನೊಬ್ರಿಗೆ ಜಾಗ ಆಗುತ್ತೆ" ಎನ್ನುತ್ತಿದ್ದಿರಿ. ನೀವು ತೀರಿಕೊಂಡ ಮೇಲೆ ಕೇಳಿ ತಂದ ಆ ಬಟ್ಟೆ ಫ್ರೀಮಾಂಟಿನ ನನ್ನ ಮನೆಯ ಕಪಾಟಿನಲ್ಲಿ ಮಡಚಿದ ಹಾಗೆಯೇ ಇದೆ.

ಊಟ ಮುಗಿಯುವಷ್ಟರಲ್ಲಿ ಎಲ್ಲರ ಕಾಲಿಗೂ ಜೋಮು ಹಿಡಿದಿತ್ತು. ಗೋಡೆ ಹಿಡಿದು, ನಗುತ್ತಾ ಏಳುತ್ತಿದ್ದರು. ನಾನು ಮಾತ್ರ ಕೈಯೂರದೆ ಎದ್ದುಬಿಟ್ಟೆ. ಸೋನಾಲಿ ನನ್ನ ಕಾಲನ್ನೇ ನೋಡಿದಳು.

ತಕ್ಷಣ ಬಗ್ಗಿ, ಏನೂ ಆಗಿರದ ಆ ಕಾಲನ್ನು ಉಜ್ಜಿಕೊಂಡೆ ಅಬ್ಬಾ.