ಪೈಪಿನ ಮೇಲಿನ ನೀಲಿ

ಭಾನುವಾರ, ಮಧ್ಯಾಹ್ನ

ಅಪ್ಪಾ,

ಕಾಗದವನ್ನು ಕ್ಷೇಮಸಮಾಚಾರದಿಂದ ಶುರು ಮಾಡಬೇಕು ಎಂದು ಕಲಿಸಿದವನು ನೀನೇ. ಇವತ್ತು ಆ ಸಾಲು ಬರೆಯಲು ಕೈ ಬರುತ್ತಿಲ್ಲ. ನಾನು ಕ್ಷೇಮವಾಗಿದ್ದಿದ್ದರೆ ಮನೆಗೆ ಬರುತ್ತೇನೆ ಎಂದು ನಿನ್ನ ಮುಂದೆ ಇಷ್ಟು ಸಲ ಬಾಯಿ ಬಿಡುತ್ತಿರಲಿಲ್ಲ. ನೀನು ಕ್ಷೇಮವಾಗಿರುವುದನ್ನಂತೂ ಮೊನ್ನೆ ಕಣ್ಣಾರೆ ನೋಡಿ ಬಂದೆ. ಫೋನು ಇರುವಾಗ ಇದೇನು ಕಾಗದ ಎಂದುಕೊಳ್ಳಬೇಡ. ಫೋನಿನಲ್ಲಾದರೆ ಮಾತು ಬಿಗಿಯಾದ ಕೂಡಲೇ, ಇರಮ್ಮ ಕೈಯೆಲ್ಲಾ ಗ್ರೀಸು, ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಗ್ರೀಸಿನ ಕೈಯಲ್ಲೂ ಓದಬಹುದು.

ಗಂಡನ ಮನೆ ಬಿಟ್ಟು ಬಂದು ಒಂದು ಚಳಿಗಾಲ ಕಳೆಯಿತು. ಕನ್ನಡಕದ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಗಾಜು ಉಜ್ಜುವ ಗೆಳತಿಯ ಮನೆಯ ಹಾಲಿನಲ್ಲಿ ಮಲಗುತ್ತಿದ್ದೆ ಎಂಬುದು ನಿನಗೆ ಗೊತ್ತು. ಅವಳ ಅತ್ತೆ ಕೆಟ್ಟವರಲ್ಲ. ಆದರೆ ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರೆ ಸಾಕು, ಹೊರಗೆ ಅವರಿಗೆ ಕೆಮ್ಮು ಹತ್ತಿಕೊಳ್ಳುತ್ತಿತ್ತು. ಆ ಕೆಮ್ಮಿಗೆ ಯಾವ ಔಷಧಿಯೂ ಬೇಕಿರಲಿಲ್ಲ, ನಾನು ಗಂಟುಮೂಟೆ ಕಟ್ಟಿದರೆ ತಾನಾಗಿ ವಾಸಿಯಾಗುತ್ತಿತ್ತು. ಅದಕ್ಕೇ ನಿನ್ನನ್ನು ಕೇಳಿದ್ದು. ನಾನು ಹುಟ್ಟಿ ಬೆಳೆದ ಮನೆಯಲ್ಲಿ, ನಾನು ಓದಿ ಮಲಗಿ ಅತ್ತ ಕೋಣೆಯಲ್ಲಿ, ಒಂದು ಹಾಸಿಗೆ ಹಾಸುವಷ್ಟು ಜಾಗ. ಅದಕ್ಕಿಂತ ಹೆಚ್ಚಿನದನ್ನು ಯಾವತ್ತೂ ಕೇಳಲಿಲ್ಲ.

ನಿನ್ನ ಉತ್ತರ ಮಾತ್ರ ಯಾವಾಗಲೂ ಒಂದೇ. ಬಾರಮ್ಮ, ನಿನ್ನ ಮನೆಗೆ ನೀನು ಬರೋದಕ್ಕೆ ಯಾರು ಬೇಡ ಅಂದ್ರು, ಗಾಡಿ ಒಂದು ಮುಗೀಲಿ, ಎಂಜಿನ್ ಪೂರ್ತಿ ಬಿಚ್ಚಿ ಹರಡಿದೀನಿ, ಈಗ ಒಂದು ಸ್ಕ್ರೂ ಆಚೀಚೆ ಆದ್ರೂ ನನ್ನ ಕಥೆ ಮುಗೀತು ಎನ್ನುತ್ತಿದ್ದೆ. ನಾನು ನಂಬಿದೆ. ನಂಬದೆ ಏನು ಮಾಡಲಿ? ಆ ಮನೆಯ ಅಳತೆ ನನಗೆ ಗೊತ್ತಿಲ್ಲವೇ. ನೀನೂ ಅಮ್ಮನೂ ಮಲಗುವ ಹಾಲು, ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ, ನನ್ನ ಕೋಣೆ. ಮಾಲೀಕರು ಕೆಳಗೆ ಓಣಿಯಲ್ಲಿ ಒಂದು ಬಕೆಟ್ ಇಡಲೂ ಬಿಡುವವರಲ್ಲ. ನಿನ್ನ ಮೋಟಾರ್ ಸೈಕಲ್ಲಿನ ಚಾಸಿಯ ಚೌಕಟ್ಟನ್ನು ಹೆಗಲ ಮೇಲೆ ಹೊತ್ತು ತರುವಾಗ ಮೆಟ್ಟಿಲ ತಿರುವಿನಲ್ಲಿ ಗೋಡೆಯ ಬಣ್ಣ ಕೆರೆದು, ಅವರ ಹತ್ತಿರ ಚೆನ್ನಾಗಿ ಬೈಸಿಕೊಂಡೆ ಎಂದು ನೀನೇ ನಗುತ್ತಾ ಹೇಳಿದ್ದೆಯಲ್ಲ.

ಆಗ ನಾನೂ ನಕ್ಕಿದ್ದೆ. ನನ್ನ ಮದುವೆಯ ಖರ್ಚಿಗೆಂದು ನೀನು ಮಾರಿದ್ದ ಗಾಡಿ ಅದು. ಬೀಗರ ಎದುರು ಏನೂ ಆಗದವನಂತೆ ಓಡಾಡಿದೆ, ಕೊಂಡವನು ಗಾಡಿ ತೆಗೆದುಕೊಂಡು ಹೋದ ದಿನ ಮಾತ್ರ ಊಟ ಮಾಡಲಿಲ್ಲ ಎಂದು ಅಮ್ಮ ಆಮೇಲೆ ಹೇಳಿದಳು. ಎಷ್ಟೋ ಕೈ ಬದಲಾಗಿ, ಯಾರದೋ ಶೆಡ್ಡಿನಲ್ಲಿ ತುಕ್ಕು ತಿನ್ನುತ್ತಿದ್ದ ಅದನ್ನು ನೀನು ಹುಡುಕಿ ಮರಳಿ ತಂದೆ ಎಂದು ಕೇಳಿದಾಗ ನನ್ನ ಎದೆಯ ಮೇಲಿನ ಭಾರ ಇಳಿಯಿತು. ನನ್ನ ಕೋಣೆಯಲ್ಲೇ ಇಟ್ಟುಕೋ ಅಪ್ಪ, ಖಾಲಿ ಬಿದ್ದಿದೆಯಲ್ಲ ಎಂದವಳು ನಾನೇ. ಬಸ್ ಡಿಪೋದ ಉಗ್ರಾಣದಲ್ಲಿ ಜೀವಮಾನವೆಲ್ಲ ಬೇರೆಯವರ ಬಿಡಿಭಾಗ ಎಣಿಸಿದವನಿಗೆ ನಿವೃತ್ತಿಯ ಮೇಲೆ ಸ್ವಂತದ್ದೊಂದು ಗಾಡಿ ಇರಲಿ ಎಂದುಕೊಂಡೆ.

ಕಾರ್ಬೊರೇಟರ್ ಜೆಟ್ ನೆನಪಿದೆಯಾ? ಪೆಟ್ರೋಲು ಹಾದು ಎಂಜಿನ್ನಿಗೆ ಹೋಗುವ ಆ ಹಿತ್ತಾಳೆಯ ತುಣುಕು, ಕಿವಿಯ ಓಲೆಯ ತಿರುಪಿನಷ್ಟೇ ಇರುವುದು. ಎಲ್ಲ ಅಂಗಡಿಗಳನ್ನೂ ಜಾಲಾಡಿದೆ, ಆ ಅಳತೆಯದ್ದು ಈಗ ಯಾರೂ ಮಾಡುವುದೇ ಇಲ್ಲವಂತೆ, ಬೇರೆಯದು ಹಾಕಿದರೆ ಗಾಡಿ ಮುಗ್ಗರಿಸಿ ನಿಲ್ಲುತ್ತದೆ ಎಂದು ಫೋನಿನಲ್ಲಿ ಅತ್ತೇಬಿಡುವವನಂತಿದ್ದೆ. ಆಗಿನ್ನೂ ಗಂಡನ ಮನೆಯಲ್ಲಿದ್ದ ನಾನು ತರಕಾರಿಯ ಚೀಲ ಹಿಡಿದುಕೊಂಡೇ ಆ ಊರಿನ ಗುಜರಿ ಸಾಲಿನಲ್ಲಿ ಅಲೆದೆ. ಒಬ್ಬ ಮುದುಕ ತಗಡಿನ ಡಬ್ಬಿಯನ್ನು ನನ್ನ ಮುಂದೆ ಸುರಿದು, ಹುಡುಕ್ಕೋ ತಾಯಿ, ನನ್ನ ಕಣ್ಣು ಕಾಣಲ್ಲ ಎಂದ. ಸಿಕ್ಕಿತು. ಮನೆಗೆ ತಡವಾಗಿ ಹೋದದ್ದಕ್ಕೆ ನಿನ್ನ ಅಳಿಯ ಏನು ಮಾಡಿದರೆಂದು ಆಗ ನಿನಗೆ ಹೇಳಲಿಲ್ಲ. ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ, ಅದರಲ್ಲಿ ಜೆಟ್ ಇಟ್ಟು ಅಂಚೆಗೆ ಹಾಕಿದೆ. ನೀನು ಫೋನು ಮಾಡಿ, ಬೋಲ್ಟು, ಇನ್ನು ಗಾಡಿಗೆ ಜೀವ ಬಂದ ಹಾಗೇನೇ ಕಣೇ ಎಂದೆ. ಮದುವೆಯಾದ ಮೇಲೆ ನನ್ನನ್ನು ಯಾರೂ ಬೋಲ್ಟು ಎಂದು ಕರೆದಿರಲಿಲ್ಲ. ಫೋನಿಟ್ಟು ಬಚ್ಚಲಿನಲ್ಲಿ ಕೂತು ಮನಸಾರೆ ಅತ್ತೆ.

ಅವರು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾರೆ ಎಂದು ಆಮೇಲೆ ಹೇಳಿದೆನಲ್ಲ, ಅದಕ್ಕೆ ನೀನು ಏನೆಂದೆ? ಆ ಕಡೆ ಕಳ್ಳರ ಕಾಟ ಇರಬಹುದಮ್ಮ ಎಂದೆ. ಒಳಗಿರುವವಳ ಗತಿ ಏನು ಎಂದು ಕೇಳಲಿಲ್ಲ. ಡಿಪೋದವರ ಮುಂದೆಲ್ಲಾ ಅಳಿಯ ಬಂಗಾರ ಎಂದು ಹೊಗಳಿಕೊಂಡು ತಿರುಗಿದ್ದೆ, ಪಾಪ, ಆ ಮಾತನ್ನು ಹೇಗೆ ವಾಪಸು ತೆಗೆದುಕೊಳ್ಳುತ್ತೀಯ.

ಇದೆಲ್ಲ ನುಂಗಿಕೊಂಡಿದ್ದೆ ಅಪ್ಪ, ನಿಜವಾಗಿ. ಮೊನ್ನೆ ಬಂದದ್ದು ಜಗಳಕ್ಕಲ್ಲ. ಗಾಡಿ ಎಲ್ಲಿಗೆ ಬಂತು ನೋಡೋಣ, ಕೈ ಜೋಡಿಸಿದರೆ ಬೇಗ ಮುಗಿದೀತು ಎಂದು ಬಂದೆ.

ಕೋಣೆಯ ಬಾಗಿಲಲ್ಲಿ ನಿಂತು ಕಾಲಿಡಲು ಜಾಗ ಹುಡುಕಿದೆ. ನನ್ನ ಮಂಚದ ಮೇಲೆ ಪೆಟ್ರೋಲ್ ಟ್ಯಾಂಕು ಹಳೆಯ ಸೀರೆ ಹೊದ್ದು ಮಲಗಿತ್ತು. ನಾನು ಪರೀಕ್ಷೆಗೆ ಓದಿದ ಮೇಜಿಗೆ ನೀನು ಬಿಡಿಭಾಗ ಬಿಗಿದು ಹಿಡಿಯುವ ಕಬ್ಬಿಣದ ವೈಸ್ ಜಡಿದಿದ್ದೆ. ಬಟ್ಟೆಯ ಬೀರುವಿನಲ್ಲಿ ಎಣ್ಣೆಡಬ್ಬಿಗಳು, ಮೊಟ್ಟೆಯ ಟ್ರೇಗಳಲ್ಲಿ ಬಿಚ್ಚಿದ ಕ್ರಮದಲ್ಲೇ ನಟ್ಟುಬೋಲ್ಟುಗಳು, ನಾನು ಚಿತ್ರ ಬರೆಯುತ್ತಿದ್ದ ಬಣ್ಣದ ತಟ್ಟೆಯ ಗುಳಿಗಳಲ್ಲಿ ಕಾರ್ಬೊರೇಟರಿನ ಚೂರುಪಾರು. ನಾನು ಹುಡುಕಿ ಕಳಿಸಿದ ಜೆಟ್ ಹಳದಿ ಬಣ್ಣದ ಗುಳಿಯಲ್ಲಿ ಕೂತಿತ್ತು. ನನಗೆ ಆಗ ಹೊಟ್ಟೆಕಿಚ್ಚಾಗಲಿಲ್ಲ. ಎಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದಾನೆ ನಮ್ಮಪ್ಪ ಎಂದು ಹೆಮ್ಮೆಯೇ ಆಯಿತು.

ನೀನು ನೆಲದ ಮೇಲೆ ಕೂತು ಚಕ್ರದ ಕಡ್ಡಿ ಬಿಗಿಯುತ್ತಿದ್ದೆ. ತಲೆ ಎತ್ತದೆ ಕೈ ಚಾಚಿದೆ, ಯಾವುದೆಂದು ಕೇಳದೆಯೇ ನಾನು ಸರಿಯಾದ ಸ್ಪ್ಯಾನರ್ ಕೊಟ್ಟೆ. ಇನ್ನೂ ಮರೆತಿಲ್ಲ ನೋಡು ಎಂದು ನೀನು ಅಡುಗೆಮನೆಯ ಕಡೆಗೆ ಕೂಗಿ ಹೇಳಿದೆ. ಅಮ್ಮ ಒಳಗೆ ಪಾತ್ರೆ ತೊಳೆಯುತ್ತಲೇ ಇದ್ದಳು. ಆಮೇಲೆ ನಾವಿಬ್ಬರೂ ಸುಮ್ಮನೆ ಕೆಲಸ ಮಾಡಿದೆವು. ಗಂಡನ ಮನೆಯ ಮೆಟ್ಟಿಲು ಹತ್ತಿದ ಮೇಲೆ ನನಗೆ ಅಷ್ಟು ಸುಖವಾಗಿದ್ದದ್ದು ಅದೇ ಮೊದಲು. ನೀನು ಇನ್ನೊಂದು ವರ್ಷ ತಾಳು ಎಂದಿದ್ದರೂ ಆಗ ಹೂಂ ಎಂದುಬಿಡುತ್ತಿದ್ದೆ.

ಕೈ ಸುಮ್ಮನಿರದೆ ಒಂದು ಬಟ್ಟೆ ತೆಗೆದುಕೊಂಡು, ಗೋಡೆಗೆ ಒರಗಿಸಿಟ್ಟಿದ್ದ ಸೈಲೆನ್ಸರ್ ಪೈಪನ್ನು ಒರೆಸತೊಡಗಿದೆ. ಹೊಸದಾಗಿ ಕ್ರೋಮ್ ಹಾಕಿಸಿದೀನಿ, ಮುಖ ನೋಡ್ಕೋಬಹುದು ಎಂದು ನೀನು ಜಂಬ ಕೊಚ್ಚಿಕೊಂಡಿದ್ದ ಪೈಪು. ಎಂಜಿನ್ನಿಗೆ ಸೇರುವ ಬಾಗಿನ ಹತ್ತಿರ ಬಟ್ಟೆ ನಿಂತಿತು. ಅಲ್ಲಿ ಚಿನ್ನದ ಬಣ್ಣವಿತ್ತು, ಅದರ ಮೇಲೆ ತೆಳ್ಳಗೆ ನೀಲಿ.

ನಾನು ಚಿಕ್ಕವಳಿದ್ದಾಗ ಹಳೆಯ ಗಾಡಿ ಕೊಳ್ಳುವವರೆಲ್ಲ ಪರೀಕ್ಷೆಗೆ ನಿನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆ. ಹೊಸಾ ಪೈಪು ಬೆಳ್ಳಗಿರುತ್ತೆ, ಗಾಡಿ ಸ್ಟಾರ್ಟ್ ಆಗಿ ಚೆನ್ನಾಗಿ ಬಿಸಿ ಕಂಡರೆ ಮಾತ್ರ ನೀಲಿ ಬರುತ್ತೆ, ಬಂದರೆ ಏನು ಉಜ್ಜಿದರೂ ಹೋಗಲ್ಲ ಎಂದು ನನ್ನ ಬೆರಳು ಹಿಡಿದು ತೋರಿಸಿದ್ದೆ. ಮಾರುವವನ ಬಾಯಿ ನೋಡಬೇಡ ಬೋಲ್ಟು, ಪೈಪು ನೋಡು ಎಂದಿದ್ದೆ. ಗಾಡಿಯನ್ನು ಇನ್ನೂ ಒಂದು ಸಲವೂ ಸ್ಟಾರ್ಟ್ ಮಾಡಿಲ್ಲ ಎಂದು ಅಂದು ಬೆಳಿಗ್ಗೆ ತಾನೇ ಫೋನಿನಲ್ಲಿ ಹೇಳಿದವನೂ ನೀನೇ.

ನಾನು ನಿನ್ನ ಕಡೆ ನೋಡಿದೆ. ನೀನು ಪೈಪಿನ ಕಡೆ ನೋಡಿದೆ. ಕ್ರೋಮ್ ಹಾಕೋನು ಕೆಡಿಸಿಬಿಟ್ಟ ನೋಡು, ದರಿದ್ರದವನು ಎಂದೆ. ಹಳೆಯ ಗಾಡಿ ಮಾರುವವರು ಹೀಗೇ ಮಾತನಾಡುತ್ತಿದ್ದರು, ನಾವಿಬ್ಬರೂ ದಾರಿಯುದ್ದಕ್ಕೂ ಅವರನ್ನು ಅಣಕಿಸಿ ನಗುತ್ತಾ ಮನೆಗೆ ಬರುತ್ತಿದ್ದೆವು. ಆಮೇಲೆ ನೀನು ಟೀ ಕುಡಿಯೋಣ ಎಂದು ಕೈ ತೊಳೆಯಲು ಎದ್ದು ಹೋದೆ. ಎಂದೂ ಇಲ್ಲದಷ್ಟು ಹೊತ್ತು ಸೋಪು ಉಜ್ಜಿಕೊಂಡೆ.

ಆಗಲೂ ಒಂದು ಮನಸ್ಸು, ಇರಲಾರದು, ಅಪ್ಪ ಅಂಥವನಲ್ಲ ಎನ್ನುತ್ತಿತ್ತು. ಅದರ ಬಾಯನ್ನು ಕೆಳಮನೆಯವರು ಮುಚ್ಚಿಸಿದರು. ಮೆಟ್ಟಿಲಿಳಿಯುವಾಗ ನನ್ನನ್ನು ನಿಲ್ಲಿಸಿ, ಏನೇ ಹೇಳಮ್ಮ, ನಿಮ್ಮಪ್ಪನ್ನ ಮೆಚ್ಚಬೇಕು, ಆವತ್ತು ಗಾಡಿ ಶುರು ಮಾಡಿದಾಗ ನಮ್ಮನೆ ಪಾತ್ರೆಪಗಡೆಯೆಲ್ಲಾ ಕುಣೀತು, ಕಿಟಕಿಯಿಂದ ಪೈಪು ಹೊರಗೆ ಬಿಟ್ಟಿದ್ರೂ ಹೊಗೆಯೆಲ್ಲಾ ನಮ್ಮನೆಗೇ ಬಂತು, ಆದ್ರೂ ಅವರ ಮುಖ ನೋಡಿ ಬೈಯೋಕೆ ಮನಸ್ಸು ಬರಲಿಲ್ಲ, ಮಗು ಥರ ಕಣ್ಣು ತುಂಬ್ಕೊಂಡು ಬಂದು ಸಾರಿ ಕೇಳಿದ್ರು ಎಂದರು. ಯಾವಾಗ ಎಂದು ಕೇಳಿದೆ. ಚಳಿ ಶುರುವಾಗೋ ಹೊತ್ತಿಗೆ ಎಂದರು. ಒಂದು ವಾರ ದಿನಾ ಸಂಜೆ ಶುರು ಮಾಡೋರು, ಆಮೇಲೆ ಯಾಕೋ ಸದ್ದೇ ನಿಂತುಹೋಯ್ತು ಎಂದರು.

ಯಾಕೆಂದು ನನಗೆ ಗೊತ್ತು. ಗಂಡನ ಮನೆ ಬಿಟ್ಟಿದ್ದೇನೆ, ನನ್ನ ಕೋಣೆಗೆ ಬರಲಾ ಎಂದು ನಾನು ಫೋನು ಮಾಡಿದ್ದು ಆಗಲೇ.

ಈಗ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಓಡುವ ಗಾಡಿಯ ಮುಂದೆ ಕೂತು ನೀನು ಒಂದೊಂದೇ ಬೋಲ್ಟು ಬಿಚ್ಚುತ್ತಿರುವುದು. ಎಷ್ಟು ವರ್ಷ ಅದರ ಕನಸು ಕಂಡೆ, ಆ ಸದ್ದಿಗೆ ಕಣ್ಣು ತುಂಬಿಕೊಂಡೆ. ಅದನ್ನೇ ಮತ್ತೆ ಬಿಚ್ಚಿ, ಮೊಟ್ಟೆಯ ಟ್ರೇಗಳಲ್ಲಿ ತುಂಬಿ, ನನ್ನ ಮಂಚದ ಮೇಲೆ, ನನ್ನ ಮೇಜಿನ ಮೇಲೆ, ನನ್ನ ಬೀರುವಿನಲ್ಲಿ ಹರಡಿದೆ. ಮಗಳು ಬಂದು ಕೂತರೆ ನಾಲ್ಕು ಜನ ಏನೆಂದಾರು ಎನ್ನುವ ಹೆದರಿಕೆ ಅಷ್ಟಿತ್ತೇನೋ. ನೇರವಾಗಿ ಬೇಡ ಅಂದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆ, ನಿನಗೆ ಗಾಡಿಯಾದರೂ ಉಳಿಯುತ್ತಿತ್ತು. ನನ್ನ ಮೇಲೆ ನಿನಗೆ ಪ್ರೀತಿಯಿಲ್ಲ ಎಂದು ಹೇಳಲೂ ಆಗುತ್ತಿಲ್ಲ. ಆ ಗಾಡಿಗಿಂತ ಹೆಚ್ಚಿನದು ನಿನಗೆ ಬೇರೆ ಏನಿತ್ತು? ಅದನ್ನೇ ಖರ್ಚು ಮಾಡಿ ನನ್ನನ್ನು ಹೊರಗಿಟ್ಟೆ. ನನಗೆ ಹೊಟ್ಟೆ ಉರಿಯುತ್ತಿದೆ ಅಪ್ಪ. ನಿನ್ನನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ, ಮರುಕ್ಷಣ ಸಿಟ್ಟು ನೆತ್ತಿಗೇರುತ್ತದೆ.

ಅಮ್ಮನಿಗೂ ಗೊತ್ತಿತ್ತು. ಓಣಿಯ ತುದಿಯವರೆಗೆ ಬಂದು, ನಿಮ್ಮಪ್ಪಂದು ಒಂದು ಥರ ಕಣೇ, ಮನಸ್ಸಿಗೆ ಹಚ್ಕೋಬೇಡ ಎಂದಳು. ಬಾ ಎನ್ನಲಿಲ್ಲ. ಅವಳಿಗೆ ಬೇರೆ ಕಾಗದ ಬರೆಯುತ್ತೇನೆ, ಇಲ್ಲವೇ ಬರೆಯುವುದಿಲ್ಲ.

ಅಂಗಡಿಯ ಹಿಂದೆ ಖಾಲಿ ಪೆಟ್ಟಿಗೆಗಳನ್ನು ಇಡುವ ಕೋಣೆಯಿದೆ. ಸಾಹುಕಾರರನ್ನು ಕೇಳಿದೆ, ಪೆಟ್ಟಿಗೆಗಳನ್ನು ನೀವೇ ಖಾಲಿ ಮಾಡಿಕೊಳ್ಳುವುದಾದರೆ ಇದ್ದುಕೊಳ್ಳಿ ಎಂದರು. ಅವುಗಳನ್ನು ಮಡಚಿ ಕಟ್ಟಲು ಒಂದು ಸಂಜೆ ಸಾಕಾಯಿತು. ಜಾಗ ಮಾಡುವುದು ಅಷ್ಟೇನೂ ಕಷ್ಟವಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕವಿದೆ, ಹೊರಗಿನ ಬೀಗದ ಕೈಯೂ ನನ್ನ ಹತ್ತಿರವೇ ಇದೆ. ಅಲ್ಲಿಂದಲೇ ಈ ಕಾಗದ ಬರೆಯುತ್ತಿದ್ದೇನೆ. ಮಂಚವನ್ನು ಕಳಿಸಬೇಡ, ಟ್ಯಾಂಕಿಗೆ ಬೇಕಾಗುತ್ತದೆ. ಇನ್ನು ಮುಂದೆ ಕೋಣೆ ಕೇಳುವುದಿಲ್ಲ. ನೀನು ಹೆದರಿಕೊಂಡು ಫೋನು ಎತ್ತಬೇಕಾಗಿಲ್ಲ.

ಬೆನ್ನು ನೋವಿದೆ ಎಂದು ಗೊತ್ತು, ನೆಲದ ಮೇಲೆ ಬಹಳ ಹೊತ್ತು ಕೂರಬೇಡ.

ಇತಿ,
ನಿನ್ನ ಬೋಲ್ಟು

ಮರೆತ ಮಾತು: ನೀನು ಸೋಪು ಉಜ್ಜಿಕೊಳ್ಳುತ್ತಿದ್ದಾಗ ಬಣ್ಣದ ತಟ್ಟೆಯ ಹಳದಿ ಗುಳಿಯಿಂದ ಆ ಜೆಟ್ಟನ್ನು ತೆಗೆದುಕೊಂಡು ಬಂದಿದ್ದೇನೆ. ನನ್ನ ಕನ್ನಡಕದ ಡಬ್ಬಿಯಲ್ಲಿ ಹತ್ತಿಯೊಳಗೆ ಜೋಪಾನವಾಗಿದೆ. ಇನ್ನೊಂದು ಎಲ್ಲೂ ಸಿಗುವುದಿಲ್ಲ, ಹುಡುಕಿ ದಣಿಯಬೇಡ. ಇನ್ನು ಯಾರು ಕೇಳಿದರೂ ತಲೆ ಎತ್ತಿ ಹೇಳು, ಗಾಡಿ ಇನ್ನೂ ಮುಗಿದಿಲ್ಲ ಎಂದು. ಈಗ ಅದು ನಿಜ.