ನನ್ನ ಹೆಂಡತಿ ಮನೆ ಮಾರಿಲ್ಲ

ಮಾನ್ಯ ಆಸ್ತಿ ನೋಂದಣಿ ಅಧಿಕಾರಿಗಳೇ,

ತೀರಿಹೋದ ನನ್ನ ಹೆಂಡತಿ ತನ್ನ ಪಾಲಿನ ಅರ್ಧ ಮನೆಯನ್ನು ನನಗೆ ಅಗ್ಗಕ್ಕೆ ಮಾರಿದಳೆಂದು ನಿಮ್ಮ ಜಾಲತಾಣ ಊರಿಗೆಲ್ಲ ಸಾರುತ್ತಿದೆ. ಬದುಕಿದ್ದಾಗ ಒಂದು ಹಳೇ ಬಕೆಟ್ಟನ್ನೂ ಚೌಕಾಸಿ ಮಾಡದೆ ಕೊಟ್ಟವಳಲ್ಲ ಅವಳು.

ನಾನು ವೈರಿಂಗ್ ಕೆಲಸದವನು, ಓದಿದ್ದು ಅಷ್ಟಕ್ಕಷ್ಟೇ. ಬಾಡಿಗೆಗೆ ಕೊಡಲು ಒಂದು ಪುಟ್ಟ ಮನೆ ಕೊಳ್ಳುವ ಆಸೆಯಿಂದ ತಂಗಿಯ ಮಗಳ ಬೆನ್ನುಬಿದ್ದು ಪ್ರೋಗ್ರಾಮ್ ಬರೆಯಲು ಕಲಿತೆ. ನೀವು ಪ್ರಕಟಿಸುವ ಮಾರಾಟದ ವಿವರ ಓದಿ, ಯಾವ ಬೀದಿಯಲ್ಲಿ ಬೆಲೆ ಇಳಿದಿದೆ, ಯಾವ ಮನೆ ಅಗ್ಗಕ್ಕೆ ಹೋಗಿದೆಯೆಂದು ನಾನು ಬರೆದ ಪ್ರೋಗ್ರಾಮ್ ಹೇಳುತ್ತದೆ. "ಬಚ್ಚಲಿನ ಬಲ್ಬ್ ಹೋಗಿ ಎಷ್ಟು ದಿನ ಆಯ್ತು? ಊರ ಮನೆಗಳ ಜಾತಕ ನೋಡ್ತಾ ಕೂತಿದ್ದೀರಿ," ಎನ್ನುತ್ತಿದ್ದಳು ಹೆಂಡತಿ. ನಾನು ಉಬ್ಬಿಹೋಗಿ, ಕಂಡವರೆಲ್ಲ ಬಳಸಲಿ ಎಂದು ಅದನ್ನು ಅಂತರ್ಜಾಲಕ್ಕೂ ಹಾಕಿದೆ. ಮನೆ ಮಾತ್ರ ಕೊಳ್ಳಲಿಲ್ಲ.

ಅವಳು ಹೋದಮೇಲೆ ಅವಳ ಪಾಲನ್ನು ನನ್ನ ಹೆಸರಿಗೆ ಮಾಡಿಸಲು ನಿಮ್ಮ ಕಚೇರಿಗೆ ಬಂದೆ. "ಬೆಲೆ ಅಂತ ಏನಾದ್ರೂ ಒಂದು ಹಾಕಿ ಸಾರ್, ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ," ಎಂದರು ಗುಮಾಸ್ತರು. ಕಾಟಾಚಾರಕ್ಕೆ ಒಂದು ಚಿಲ್ಲರೆ ಮೊತ್ತ ಹಾಕಿದೆ; ಬೆಲೆ ಕಂಡ ನಿಮ್ಮ ಕಂಪ್ಯೂಟರ್ ಅದನ್ನು ಮಾರಾಟವೆಂದೇ ಬರೆದುಕೊಂಡಿತು. ಆಗ ನನ್ನ ತಲೆಯಲ್ಲಿ ಪ್ರೋಗ್ರಾಮೂ ಇರಲಿಲ್ಲ, ಏನೂ ಇರಲಿಲ್ಲ.

ಕಳೆದ ವಾರ ಪಕ್ಕದ ಮನೆಯ ಅಕ್ಕ ಬಂದರು. ಮಗಳ ಹತ್ತಿರ ಹೋಗಿ ಇರಬೇಕೆಂದು ತಮ್ಮ ಮನೆ ಮಾರಲು ಹೊರಟವರು.

"ಏನಪ್ಪಾ, ಮನೆ ಮಾರಿದ್ಯಂತೆ, ನನಗೊಂದು ಮಾತು ಹೇಳ್ಬಾರ್ದಿತ್ತಾ? ಬಂದೋರೆಲ್ಲ ಫೋನ್ ತೋರಿಸಿ, ಪಕ್ಕದ್ದು ಇಷ್ಟಕ್ಕೇ ಹೋಗಿದೆ, ನಿಮ್ಮದಕ್ಕೆ ಯಾರು ಜಾಸ್ತಿ ಕೊಡ್ತಾರೆ ಅಂತಾರೆ. ಯಾವನೋ ತಲೆಕೆಟ್ಟೋನು ಬರೆದಿರೋ ಪ್ರೋಗ್ರಾಮಂತೆ."

ಆ ತಲೆಕೆಟ್ಟವನು ಅವರಿಗೆ ಕುರ್ಚಿ ಎಳೆದುಕೊಟ್ಟ. ಪ್ರೋಗ್ರಾಮ್ ತೆರೆದು ನೋಡಿದರೆ, ಇಡೀ ಊರಿನಲ್ಲಿ ಅತಿ ಸೋವಿಗೆ ಮಾರಾಟವಾದ ಮನೆ ನನ್ನದೇ!

ನಮ್ಮ ಮನೆಯನ್ನು ಬಿಟ್ಟು ಓದು ಎಂದು ನನ್ನಲ್ಲಿರುವ ಪ್ರೋಗ್ರಾಮನ್ನು ತಿದ್ದಿದ್ದೇನೆ. ಜನರ ಫೋನಿನಲ್ಲಿರುವುದನ್ನು ಹೇಗೆ ತಿದ್ದಲಿ? ಹೀಗೆಯೇ ಒಬ್ಬರನ್ನು ಕಳೆದುಕೊಂಡ ಬೇರೆ ಮನೆಗಳ ಗತಿಯೇನು? ಮಾರಿದ್ದಕ್ಕೂ ಸತ್ತದ್ದಕ್ಕೂ ಇರುವ ವ್ಯತ್ಯಾಸ ನಿಮ್ಮಂಥ ದೊಡ್ಡ ಕಚೇರಿಗೇ ತಿಳಿಯದಿದ್ದರೆ, ತಂಗಿಯ ಮಗಳಿಂದ ಬೈಸಿಕೊಂಡು ಕಲಿತವನ ಪ್ರೋಗ್ರಾಮಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಅಕ್ಕ ಬೇಸತ್ತು ಸಿಕ್ಕಿದ ಬೆಲೆಗೆ ಮನೆ ಕೊಟ್ಟುಬಿಡುವ ಮುನ್ನ ನಮ್ಮ ದಾಖಲೆಯನ್ನು ಸರಿಪಡಿಸಿ. 'ಮಾರಾಟ' ಎಂಬುದನ್ನು ಅಳಿಸಿ, 'ಮರಣದಿಂದ ಬಂದದ್ದು' ಎಂದು ಬರೆಯಿರಿ. ಆ ಪದ ಓದುವುದು ನನಗಿನ್ನೂ ಕಷ್ಟವೇ. ಆದರೂ ಬರೆಯಿರಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಈ ಊರಿನ ಅತಿ ಜಾಣ ಖರೀದಿದಾರ